ಯಾರ ಮನೆಗೆ ಯಾವ ಒಲೆ?

ಇಂಡಕ್ಷನ್ ಒಲೆಯ ಮಾತು ಪಕ್ಷದ ಪತ್ರಿಕೆಗೆ ತಕ್ಕದ್ದೇ ಎಂದು ನಮ್ಮ ಗೆಳೆಯರಲ್ಲೇ ಕೆಲವರು ಕೇಳುತ್ತಾರೆ. ಗೇಣಿ ರಾಜಕೀಯವಂತೆ, ಬಗರ್‌ಹುಕುಂ ರಾಜಕೀಯವಂತೆ, ಮುಳುಗಡೆಯವರ ಹಕ್ಕುಪತ್ರ ರಾಜಕೀಯವಂತೆ. ಒಲೆ ಮಾತ್ರ ಹೆಂಗಸರ ವಿಷಯವಂತೆ. ಹೀಗೆ ಹೇಳುವವರು ದಿನಕ್ಕೆ ಎರಡು ಹೊತ್ತು ತಪ್ಪದೆ ಊಟಕ್ಕೆ ಕೂರುತ್ತಾರೆ. ಎಲೆಗೆ ಬಿದ್ದ ಅನ್ನ ಯಾವ ಬೆಂಕಿಯಲ್ಲಿ ಬೆಂದಿತು, ಆ ಬೆಂಕಿಯ ಮುಂದೆ ಯಾರು ಎಷ್ಟು ಹೊತ್ತು ಕೂತಿದ್ದರು ಎಂದು ಕೇಳುವುದಿಲ್ಲ. ಡಾ. ಲೋಹಿಯಾ ಕೇಳಿದರು. ಜಾತಿಭೇದ ಮತ್ತು ಸ್ತ್ರೀ-ಪುರುಷ ಭೇದಗಳ ಬಗ್ಗೆ ಬರೆದಾಗ ಅಡುಗೆಮನೆಯ ದಾಸ್ಯವನ್ನೂ ಒಲೆಯ ಹೊಗೆಯನ್ನೂ ಹೆಸರು ಹಿಡಿದೇ ಬರೆದರು. ಅವರ ಭಾವಚಿತ್ರಕ್ಕೆ ಹಾರ ಹಾಕುವವರು ಆ ಪುಟಗಳನ್ನೂ ಒಮ್ಮೆ ತಿರುವಿಹಾಕಿದರೆ ಒಳ್ಳೆಯದು.

ಈಗ ವಿಷಯಕ್ಕೆ ಬರೋಣ. ಜಿಲ್ಲೆಯ ಯಾವ ಪೇಟೆಗೆ ಹೋದರೂ ಪಾತ್ರೆ ಅಂಗಡಿಯ ಮುಂದೆ ಕಪ್ಪು ಗಾಜಿನ ಒಲೆಗಳ ಸಾಲು ಕಾಣುತ್ತದೆ. ಒಂದೂವರೆ ಸಾವಿರಕ್ಕೆ ಒಂದು, ಮೂರೂವರೆ ಸಾವಿರಕ್ಕೆ ಇನ್ನೊಂದು. ಹೊಗೆಯಿಲ್ಲ, ಮಸಿಯಿಲ್ಲ, ಸಿಲಿಂಡರಿಗೆ ಕಾಯಬೇಕಿಲ್ಲ, ಅರ್ಧ ಖರ್ಚು ಉಳಿಯುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಸರಕಾರವೂ ಇದೇ ರಾಗ ಹಾಡುತ್ತಿದೆ. ಕೇಂದ್ರ ಸರಕಾರದ ಇಂಧನ ದಕ್ಷತೆಯ ಕಂಪನಿ 2023ರಲ್ಲಿ ದೇಶದಲ್ಲಿ 20 ಲಕ್ಷ ಇಂಡಕ್ಷನ್ ಒಲೆಗಳನ್ನು ಹಂಚುವ ಕಾರ್ಯಕ್ರಮ ಸಾರಿತು. ಮೊದಲ ಮೂರು ಮಾತು ನಿಜ, ನಾವು ಒಪ್ಪುತ್ತೇವೆ. ನಾಲ್ಕನೆಯ ಮಾತು ಯಾರ ಮನೆಯಲ್ಲಿ ನಿಜ, ಯಾರ ಮನೆಯಲ್ಲಿ ಸುಳ್ಳು ಎಂಬುದೇ ನಮ್ಮ ಪ್ರಶ್ನೆ. ಒಲೆಯನ್ನು ಆರಿಸುವುದು ಅಂಗಡಿಯ ಕಟ್ಟೆಯ ಮೇಲೆ ಮುಗಿಯುವ ಕೆಲಸವಲ್ಲ. ಮನೆಯ ಗೋಡೆಯೊಳಗಿನ ತಂತಿ, ಗೂಡಿನಲ್ಲಿರುವ ಪಾತ್ರೆ, ಕೈಗೆ ಬರುವ ಕರೆಂಟು ಬಿಲ್ಲು, ಇವು ಮೂರೂ ಸೇರಿ ಅದನ್ನು ಆಗಲೇ ಆರಿಸಿಬಿಟ್ಟಿರುತ್ತವೆ. ಈ ಮೂರನ್ನೂ ಆರಿಸಿದವರು ಬೇರೆಯವರು.

ನಾವು ಯಂತ್ರದ ವೈರಿಗಳಲ್ಲ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ವವೇ ಈ ಒಲೆಯಲ್ಲಿರುವುದು. ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿ ಇದೆ. ಅದರಲ್ಲಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತದೆ. ಅದರಿಂದ ಹುಟ್ಟುವ ಅಯಸ್ಕಾಂತ ಕ್ಷೇತ್ರ ಮೇಲಿಟ್ಟ ಕಬ್ಬಿಣದ ಪಾತ್ರೆಯ ತಳದಲ್ಲಿ ಸುಳಿ ಪ್ರವಾಹಗಳನ್ನು ಎಬ್ಬಿಸುತ್ತದೆ, ಪಾತ್ರೆ ತಾನೇ ಕಾಯುತ್ತದೆ. ಗಾಜು ಬಿಸಿಯಾಗುವುದು ಪಾತ್ರೆಯ ಬಿಸಿಯಿಂದ. ಬೆಂಕಿ ಪಾತ್ರೆಯ ಪಕ್ಕಕ್ಕೆ ಸೋರಿಹೋಗುವ ಮಾತೇ ಇಲ್ಲ. ಹೀಗಾಗಿ ನೂರರಲ್ಲಿ ಸುಮಾರು 85 ಪಾಲು ವಿದ್ಯುತ್ತು ಅಡುಗೆಗೆ ಸಲ್ಲುತ್ತದೆ. ಗ್ಯಾಸ್ ಒಲೆಗೆ ಸರಕಾರದ ಪ್ರಮಾಣಪತ್ರ ಸಿಗಬೇಕಾದರೆ ಪರೀಕ್ಷಾಲಯದಲ್ಲಿ 68 ಪಾಲು ಸಲ್ಲಬೇಕು. ಗಾಳಿ ಬೀಸುವ, ಬರ್ನರಿಗೆ ಕಸ ಕಟ್ಟಿದ ನಮ್ಮ ಮನೆಗಳಲ್ಲಿ 60 ಸಂದರೆ ಹೆಚ್ಚು. ಸೌದೆ ಒಲೆಯ ಲೆಕ್ಕ ಹೇಳುವುದೇ ಬೇಡ. ಅಲ್ಲಿ ಉರಿಯ ಬಹುಪಾಲು ಕಣ್ಣಿಗೂ ಮಾಡಿಗೂ ಹೋಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೊಗೆಯಿಲ್ಲದ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು ದೇಶದಲ್ಲಿ ನೂರಕ್ಕೆ 58.6 ಮಾತ್ರ. ಉಳಿದ ಮನೆಗಳ ಹೆಂಗಸರು ಊದುಗೊಳವೆ ಹಿಡಿದೇ ಕೂತಿದ್ದರು. ಇಂಥ ಹೊತ್ತಿನಲ್ಲಿ ಹೊಗೆಯಿಲ್ಲದ ಒಲೆಯನ್ನು ಬೇಡ ಎನ್ನುವವನು ಸಮಾಜವಾದಿಯಾಗಲಾರ.

ಆದರೆ ಈ ಒಲೆಗೆ ಪಂಕ್ತಿಭೇದ ಉಂಟು. ಅಲ್ಯೂಮಿನಿಯಂ ಪಾತ್ರೆಯನ್ನು ಅದು ಮುಟ್ಟುವುದಿಲ್ಲ. ತಾಮ್ರ, ಹಿತ್ತಾಳೆ, ಮಣ್ಣಿನ ಗಡಿಗೆ, ಕಲ್ಲಿನ ಮರಿಗೆ ಯಾವುದೂ ನಡೆಯದು. ಸ್ಟೀಲಿನಲ್ಲೂ ಎಲ್ಲವೂ ನಡೆಯುವುದಿಲ್ಲ. ಅಯಸ್ಕಾಂತ ಗಟ್ಟಿಯಾಗಿ ಅಂಟುವ ತಳವಿದ್ದರೆ ಮಾತ್ರ ಸರಿ. ಬಡವರ ಮನೆಯ ಗೂಡಿನಲ್ಲಿ ಇರುವುದೇನು? ಅಲ್ಯೂಮಿನಿಯಂ ಡಬರಿ, ಅಲ್ಯೂಮಿನಿಯಂ ಕುಕ್ಕರು, ತಳ ಉಬ್ಬಿದ ಸ್ಟೀಲು ಪಾತ್ರೆ, ನಡುವೆ ತಗ್ಗಿದ ಕಬ್ಬಿಣದ ಕಾವಲಿ. ಕಾವಲಿಗೆ ಅಯಸ್ಕಾಂತ ಅಂಟುತ್ತದೆ, ಸರಿ. ಆದರೆ ತಳ ಸಪಾಟಾಗಿಲ್ಲದ್ದರಿಂದ ನಡುಭಾಗ ಕಾದು ಅಂಚು ತಣ್ಣಗಿರುತ್ತದೆ, ಅಕ್ಕಿ ರೊಟ್ಟಿ ಒಂದೆಡೆ ಸೀದು ಇನ್ನೊಂದೆಡೆ ಹಸಿಯಾಗಿ ಉಳಿಯುತ್ತದೆ. ಆದ್ದರಿಂದ ಒಲೆಯ ಬೆಲೆ ಎರಡು ಸಾವಿರ ಎಂದು ಅಂಗಡಿಯವನು ಹೇಳಿದರೆ ಕುಕ್ಕರು, ಒಂದು ಪಾತ್ರೆ, ಒಂದು ಕಾವಲಿ ಸೇರಿಸಿ ಇನ್ನೆರಡು ಸಾವಿರವಾದರೂ ಕೂಡಿಕೊಳ್ಳಬೇಕು. ನಮ್ಮ ಓದುಗರಿಗೆ ನಾವು ಹೇಳುವುದಿಷ್ಟು: ಅಂಗಡಿಗೆ ಹೋಗುವ ಮುಂಚೆ ಮಕ್ಕಳ ಆಟಿಕೆಯಿಂದಲೋ ಹಳೆಯ ಸ್ಪೀಕರಿನಿಂದಲೋ ಒಂದು ಅಯಸ್ಕಾಂತ ತೆಗೆದು ಮನೆಯ ಪ್ರತಿಯೊಂದು ಪಾತ್ರೆಯ ತಳಕ್ಕೂ ಹಿಡಿದು ನೋಡಿ. ಎಷ್ಟು ಅಂಟಿತು ಎಂಬುದರ ಮೇಲೆ ಒಲೆಯ ನಿಜವಾದ ಬೆಲೆ ತಿಳಿಯುತ್ತದೆ.

ರಾಗಿ ಮುದ್ದೆಯ ಮಾತನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಬಯಲುಸೀಮೆಯ ಕಡೆಯ ಹೆಂಗಸರಿಗೆ ಇದು ಗೊತ್ತು, ಒಲೆ ಮಾಡಿದ ಎಂಜಿನಿಯರಿಗೆ ಗೊತ್ತಿದ್ದಂತಿಲ್ಲ. ಹಿಟ್ಟು ಬೆಂದ ಮೇಲೆ ಕವೆಗೋಲಿನಿಂದ ಪಾತ್ರೆಯನ್ನು ಅಮುಕಿ ಹಿಡಿದು, ಮುದ್ದೆಕೋಲಿನಿಂದ ಮೈಯ ಬಲವನ್ನೆಲ್ಲ ಹಾಕಿ ತೊಳಸಬೇಕು. ಮಣ್ಣಿನ ಒಲೆಗೆ ಗುಂಡುಗಳಿವೆ, ಗ್ಯಾಸ್ ಒಲೆಗೆ ಕಬ್ಬಿಣದ ಕಾಲುಗಳಿವೆ. ನುಣುಪು ಗಾಜಿನ ಮೇಲೆ ಪಾತ್ರೆ ಜಾರದೆ ಇನ್ನೇನು ಮಾಡೀತು? ಪಾತ್ರೆಯನ್ನು ಕೆಳಗಿಳಿಸಿ ನೆಲದ ಮೇಲೆ ತೊಳಸಿ ಮತ್ತೆ ಒಲೆಗಿಡುವುದೊಂದೇ ದಾರಿ. ಗಾಜು ಬಿರಿದರೆ ಆ ಒಲೆಯನ್ನು ಮತ್ತೆ ಉಪಯೋಗಿಸಕೂಡದು. ಬಿರುಕಿನಿಂದ ನೀರು ಒಳಗಿಳಿದರೆ ಕರೆಂಟು ಹೊಡೆಯುತ್ತದೆ. ಗಾಜು ಒಡೆದರೆ ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದು ಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುವುದುಂಟು. ಅದನ್ನು ಓದಿಸಿಕೊಂಡೇ ಹಣ ಎಣಿಸಿ.

ಒಲೆಯ ಮುಖದ ಮೇಲೆ ದೋಸೆ, ಚಪಾತಿ, ಹಾಲು, ಕರಿ ಎಂದು ಗುಂಡಿಗಳಿರುತ್ತವೆ. ಎಂಟು ಗುಂಡಿಯ ಒಲೆಗಿಂತ ಹನ್ನೆರಡು ಗುಂಡಿಯದು ಐದುನೂರು ರೂಪಾಯಿ ಹೆಚ್ಚು. ಈ ಗುಂಡಿಗಳಲ್ಲಿ ಯಾವ ಮಂತ್ರವೂ ಇಲ್ಲ. ಇಷ್ಟು ವಾಟು, ಇಷ್ಟು ನಿಮಿಷ ಎಂದು ಮೊದಲೇ ಕಟ್ಟಿಟ್ಟ ಲೆಕ್ಕ, ಅಷ್ಟೆ. ಕೂಡಿಸುವ ಗುಂಡಿ, ಕಳೆಯುವ ಗುಂಡಿ, ಹೊತ್ತು ಹಾಕುವ ಗುಂಡಿ ಇವು ಮೂರಿದ್ದರೆ ಸಾಕು. ಬೆರಳು ಸೋಕಿಸುವ ನುಣುಪು ಗಾಜಿನದಕ್ಕಿಂತ ಒತ್ತುವ ಗುಂಡಿಯದೇ ನಮ್ಮ ಅಡುಗೆಮನೆಗೆ ಮೇಲು. ಹಿಟ್ಟಿನ ಕೈ, ಒದ್ದೆ ಕೈಗೆ ಸೋಕುಗುಂಡಿ ಜಪ್ಪಯ್ಯ ಎಂದರೂ ಓಗೊಡುವುದಿಲ್ಲ.

ಗುಂಡಿಗಳನ್ನು ಬಿಟ್ಟು ಕೇಳಬೇಕಾದ್ದು ಬೇರೆ. ಮೊದಲನೆಯದು ಸುರುಳಿಯ ಅಗಲ. ಗಾಜು ದೊಡ್ಡದಾಗಿ ಕಾಣುತ್ತದೆ, ಒಳಗಿನ ಸುರುಳಿ ಚಿಕ್ಕದಿರುತ್ತದೆ. ಸಪಾಟು ಪಾತ್ರೆಯಲ್ಲಿ ಒಂದು ಬೆರಳು ನೀರು ಹಾಕಿ ಅಂಗಡಿಯಲ್ಲೇ ಕಾಯಿಸಲು ಹೇಳಿ. ಗುಳ್ಳೆ ಎಷ್ಟು ಅಗಲದ ಬಳೆಯಾಗಿ ಏಳುತ್ತದೋ ಅಷ್ಟೇ ಒಲೆ. ಎರಡನೆಯದು ಸಣ್ಣ ಉರಿ. ಅಗ್ಗದ ಒಲೆಗಳಿಗೆ ನಿಜವಾದ ಸಣ್ಣ ಉರಿ ಬರುವುದಿಲ್ಲ. 300 ವಾಟಿಗೆ ಇಟ್ಟರೆ ಕೆಲವು ಸೆಕೆಂಡು ಪೂರಾ ಉರಿದು ಕೆಲವು ಸೆಕೆಂಡು ಪೂರಾ ಆರುತ್ತವೆ. ಹಾಲು ಉಕ್ಕುವುದೂ ಪಾಯಸ ತಳ ಹತ್ತುವುದೂ ಇದರಿಂದಲೇ. ಮೂರನೆಯದು ರಿಪೇರಿ. ಒಳಗಿನ ಫ್ಯಾನಿಗೆ ಜಿರಲೆ, ಇರುವೆ, ಒಗ್ಗರಣೆಯ ಎಣ್ಣೆಹೊಗೆ ಹೊಕ್ಕು ಗಾಳಿ ನಿಂತರೆ ವಿದ್ಯುತ್ತನ್ನು ಕಡಿದು ಕೂಡಿಸುವ ಬಿಡಿಭಾಗ ಸುಟ್ಟುಹೋಗುತ್ತದೆ. ಗೋಡೆಯಿಂದ ಒಂದು ಗೇಣು ದೂರ ಇಡುವುದು, ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ಚು ಆರಿಸದೆ ಫ್ಯಾನು ತಾನಾಗಿ ನಿಲ್ಲಲು ಬಿಡುವುದು ಒಳ್ಳೆಯದು. ಸುಟ್ಟರೆ ತಾಲ್ಲೂಕು ಪೇಟೆಯಲ್ಲೇ ಬಿಡಿಭಾಗ ಹಾಕಿಕೊಡುವವರು ಯಾರು ಎಂದು ಕೇಳಿ. ಬೆಂಗಳೂರಿಗೆ ಕಳಿಸಬೇಕು ಎಂದರೆ ಅಂಥ ಒಲೆ ಬೇಡ. ಇನ್ನೊಂದು ಮಾತು: ಯಾವ ಪಾತ್ರೆಯಾದರೂ ನಡೆಯುತ್ತದೆ ಎಂದು ಹೇಳಿ ಇನ್‌ಫ್ರಾರೆಡ್ ಒಲೆಯನ್ನು ಕೈಗಿಡುವವರಿದ್ದಾರೆ. ಅದು ಕೆಂಡದಂತೆ ಕಾಯುವ ಬೇರೆ ಜಾತಿಯ ಒಲೆ. ಪಾತ್ರೆ ಕೊಳ್ಳುವ ಖರ್ಚು ತಪ್ಪುತ್ತದೆ ನಿಜ, ಆದರೆ ಗಾಜು ಸುಡುತ್ತದೆ, ವಿದ್ಯುತ್ತೂ ಹೆಚ್ಚು ತಿನ್ನುತ್ತದೆ. ಮನೆಯಲ್ಲಿ ಎದೆಗೆ ಪೇಸ್‌ಮೇಕರ್ ಇಟ್ಟವರಿದ್ದರೆ ವೈದ್ಯರನ್ನು ಕೇಳಿಯೇ ಇಂಡಕ್ಷನ್ ತನ್ನಿ. ಉರಿಯುವ ಒಲೆಯಿಂದ ಅವರು ಎರಡು ಅಡಿ ದೂರವಿರಬೇಕು.

ಕಡಿಮೆ ವಾಟಿನ ಒಲೆ ಕೊಂಡರೆ ಕರೆಂಟು ಉಳಿಯುತ್ತದೆ ಎಂಬ ಇನ್ನೊಂದು ಸುಳ್ಳು ಹಬ್ಬಿದೆ. ಒಂದು ಲೀಟರು ನೀರು ಕುದಿಯಲು ಈ ಒಲೆಯಲ್ಲಿ ಸುಮಾರು 0.1 ಯೂನಿಟ್ಟು ಬೇಕು. 2000 ವಾಟಿನ ಒಲೆ ಅದನ್ನು ಮೂರು ನಿಮಿಷದಲ್ಲಿ ಸುಡುತ್ತದೆ, 1200 ವಾಟಿನದು ಐದು ನಿಮಿಷದಲ್ಲಿ. ಮೀಟರು ತಿರುಗುವುದು ಅಷ್ಟೇ. ಹಾಗಾದರೆ ದೊಡ್ಡದನ್ನೇ ಕೊಳ್ಳೋಣವೇ? ಇಲ್ಲಿ ಗೋಡೆಯೊಳಗಿನ ತಂತಿ ಮಾತಾಡುತ್ತದೆ. 2000 ವಾಟಿನ ಒಲೆ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಸಾಮಾನ್ಯ ಚಿಕ್ಕ ಪ್ಲಗ್ಗು ತಡೆಯುವುದು 6 ಆಂಪಿಯರ್ ಮಾತ್ರ. ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್ಗು, ಅದಕ್ಕೆ ಪ್ರತ್ಯೇಕವಾಗಿ ಎಳೆದ ದಪ್ಪ ತಂತಿ, ಸರಿಯಾದ ಅರ್ತಿಂಗ್ ಇರಬೇಕು. ಆಶ್ರಯ ಮನೆಗಳಲ್ಲಿ, ಕೂಲಿ ಲೈನುಗಳಲ್ಲಿ, ಬಾಡಿಗೆ ವಠಾರಗಳಲ್ಲಿ ಇದು ಎಲ್ಲಿದೆ? ಒಂದೇ ದೀಪಕ್ಕೆಂದು ಭಾಗ್ಯಜ್ಯೋತಿಯ ತಂತಿ ಎಳೆದ ಮನೆಗೆ ಈಗ ಎರಡು ಸಾವಿರ ವಾಟಿನ ಒಲೆ ಹಚ್ಚು ಎನ್ನುವುದು, ಹಗ್ಗದ ಸೇತುವೆಯ ಮೇಲೆ ಲಾರಿ ಓಡಿಸು ಎಂದಂತೆ. ಚಿಕ್ಕ ಪ್ಲಗ್ಗಿಗೆ ಮಾರ್ಪಾಟಿನ ಪಿನ್ನು ಸಿಕ್ಕಿಸಿ ಒಲೆ ಹಚ್ಚುವವರು ಇಂದೇ ಅದನ್ನು ನಿಲ್ಲಿಸಬೇಕು. ತಂತಿ ಕರಗಿ ಗಳು-ಹೆಂಚಿನ ಮಾಡಿಗೆ ಬೆಂಕಿ ಬಿದ್ದರೆ ಯಾವ ಕಂಪನಿಯೂ ಬಂದು ನಿಲ್ಲದು. 16 ಆಂಪಿಯರ್ ಪ್ಲಗ್ಗು ಹಾಕಿಸುವ ಶಕ್ತಿ ಸದ್ಯ ಇಲ್ಲದವರು 1200 ವಾಟಿನ ಒಲೆ ಕೊಳ್ಳಲಿ, ಅದೂ ತಂತಿ ಹಳೆಯದಲ್ಲ ಎಂದು ಬಲ್ಲವರಿಂದ ನೋಡಿಸಿಕೊಂಡು.

ಇನ್ನು ಬಿಲ್ಲಿಗೆ ಬರೋಣ. ಮಾಸ್ತರಿಕೆ ಬಿಟ್ಟರೂ ಲೆಕ್ಕ ಬಿಡಲಾಗುವುದಿಲ್ಲ. ವಾಚಕರು ಪೆನ್ಸಿಲು ತೆಗೆದುಕೊಳ್ಳಬೇಕು. ಒಂದು ಸಿಲಿಂಡರಿನಲ್ಲಿ 14.2 ಕಿಲೋ ಅನಿಲ. ಅದು ಪೂರಾ ಉರಿದರೆ ಬರುವ ಶಾಖ ಸುಮಾರು 180 ಯೂನಿಟ್ಟು. ಅದರಲ್ಲಿ ಪಾತ್ರೆಗೆ ಸಲ್ಲುವುದು ಸುಮಾರು 110. ಅಷ್ಟೇ ಅಡುಗೆಯನ್ನು ಇಂಡಕ್ಷನ್ ಒಲೆಯಲ್ಲಿ ಮಾಡಲು ಮೀಟರಿನಲ್ಲಿ 130 ಯೂನಿಟ್ಟು ಓಡುತ್ತದೆ. ಮನೆಬಳಕೆಯ ವಿದ್ಯುತ್ತಿಗೆ 2024ರ ಏಪ್ರಿಲಿನಲ್ಲಿ ರಾಜ್ಯದಲ್ಲಿ ಯೂನಿಟ್ಟಿಗೆ 5 ರೂ. 90 ಪೈಸೆಯ ಒಂದೇ ದರ ಬಂತು. ಮುಂದೆ ಕೆಲವು ಪೈಸೆ ಆಚೀಚೆಯಾದರೂ ತೆರಿಗೆ ಸೇರಿಸಿ ಆರೂವರೆ ರೂಪಾಯಿ ಎಂದು ಹಿಡಿಯೋಣ. 130 ಯೂನಿಟ್ಟಿಗೆ 845 ರೂಪಾಯಿ. 2025ರ ಏಪ್ರಿಲಿನಲ್ಲಿ 50 ರೂಪಾಯಿ ಏರಿದಾಗ ಸಿಲಿಂಡರಿಗೆ ಬೆಂಗಳೂರಿನ ಬೆಲೆ 855 ರೂ. 50 ಪೈಸೆ ಆಗಿತ್ತು. ಅರ್ಧ ಖರ್ಚು ಉಳಿಯುತ್ತದೆ ಎಂದ ಅಂಗಡಿಯವರಿಗೆ ಈ ಹತ್ತು ರೂಪಾಯಿಯನ್ನು ತೋರಿಸಿ. ಉಜ್ವಲಾ ಯೋಜನೆಯ ಮನೆಯಾದರೆ ಇನ್ನೂ ವಿಚಿತ್ರ. ಅವರಿಗೆ 2023ರ ಅಕ್ಟೋಬರಿನಲ್ಲಿ ಸಿಲಿಂಡರಿಗೆ 300 ರೂಪಾಯಿ ಸಹಾಯಧನ ಗೊತ್ತಾಯಿತು. ಅಂದರೆ 555ಕ್ಕೆ ಆಗುವ ಅಡುಗೆಯನ್ನು ಬಿಟ್ಟು 845ರ ಅಡುಗೆಗೆ ಬನ್ನಿ ಎಂದು ದೇಶದ ಕಡುಬಡವರನ್ನು ಕರೆಯುತ್ತಿದ್ದಾರೆ! ಕರೆಯುವವರಲ್ಲಿ ಒಬ್ಬರಾದರೂ ಈ ಕೂಡುವ ಕಳೆಯುವ ಲೆಕ್ಕ ಮಾಡಿದ್ದಾರೆಯೇ?

ಆದರೆ ಗೃಹಜ್ಯೋತಿ ಇದೆಯಲ್ಲ, ಕರೆಂಟು ಪುಕ್ಕಟೆಯಲ್ಲವೇ ಎಂದು ಕೇಳುವಿರಿ. ಬಹಳ ಜನ ಈ ನಂಬಿಕೆಯಲ್ಲೇ ಒಲೆ ತಂದಿದ್ದಾರೆ. ನಮ್ಮ ಲೇಖನದ ಗಂಟು ಇರುವುದು ಇಲ್ಲೇ.

2023ರ ಜುಲೈ ತಿಂಗಳ ಬಳಕೆಯಿಂದ ಗೃಹಜ್ಯೋತಿ ಜಾರಿಗೆ ಬಂತು. 200 ಯೂನಿಟ್ಟು ಪುಕ್ಕಟೆ ಎಂದು ಡಂಗುರವಾಯಿತು. ನಿಯಮದಲ್ಲಿ ಇದ್ದದ್ದು ಬೇರೆ. 2022-23ರ ಸಾಲಿನಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅಷ್ಟು, ಅದರ ಮೇಲೆ ನೂರಕ್ಕೆ ಹತ್ತು. ಅಷ್ಟೇ ನಿಮಗೆ ಪುಕ್ಕಟೆ. ಮೀರಿದ್ದಕ್ಕೆ ಹಣ. 200 ದಾಟಿದರೆ ಇಡೀ ಬಿಲ್ಲಿಗೆ ಹಣ. ಹಳೆಯ ಲೆಕ್ಕವಿಲ್ಲದ ಹೊಸ ಮನೆಗಳಿಗೆ 58 ಯೂನಿಟ್ಟು ಎಂದು ಗೊತ್ತುಮಾಡಿದರು. 2024ರ ಜನವರಿಯಲ್ಲಿ ಮಂತ್ರಿಮಂಡಲ ಸ್ವಲ್ಪ ಕರಗಿ, ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ನೂರಕ್ಕೆ ಹತ್ತರ ಬದಲು 10 ಯೂನಿಟ್ಟು ಹೆಚ್ಚುವರಿ ಎಂದಿತು. ಹತ್ತು ಯೂನಿಟ್ಟಿನಲ್ಲಿ ಮೂರು ದಿನದ ಅಡುಗೆ ಆದೀತು.

ಎರಡು ಮನೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಂದು ಕೂಲಿಯವರ ಮನೆ. 2022-23ರಲ್ಲಿ ದೀಪ, ಫ್ಯಾನು, ಟೀವಿ, ಮಿಕ್ಸಿಗೆ ತಿಂಗಳಿಗೆ 50 ಯೂನಿಟ್ಟು. ಅವರ ಪುಕ್ಕಟೆ ಪಾಲು 55. ಸಿಲಿಂಡರು ಒಂದೂವರೆ ತಿಂಗಳು ಬರುವ ಸಂಸಾರ. ಅದನ್ನು ಬಿಟ್ಟು ಇಂಡಕ್ಷನ್ ಒಲೆಗೆ ಬಂದರೆ ತಿಂಗಳಿಗೆ 87 ಯೂನಿಟ್ಟು ಕೂಡುತ್ತದೆ. ಒಟ್ಟು 137, ಪಾಲು ಕಳೆದು ಹಣ ಕಟ್ಟಬೇಕಾದ್ದು 82ಕ್ಕೆ, ಅಂದರೆ 533 ರೂಪಾಯಿ. ಮೊದಲು ಗ್ಯಾಸಿಗೆ ತಿಂಗಳಿಗೆ 570 ಆಗುತ್ತಿತ್ತು. ಉಳಿದದ್ದು 37 ರೂಪಾಯಿ. ಒಲೆ, ಪಾತ್ರೆ, ಪ್ಲಗ್ಗು ಸೇರಿ ನಾಲ್ಕೂವರೆ ಸಾವಿರ ಹಾಕಿದ್ದರೆ ಆ ಹಣ ಮರಳಲು ಹತ್ತು ವರ್ಷ ಬೇಕು. ಒಲೆಗೆ ಗ್ಯಾರಂಟಿ ಒಂದು ವರ್ಷ.

ಇನ್ನೊಂದು ಪೇಟೆಯ ಅನುಕೂಲವಂತರ ಮನೆ. 2022-23ರಲ್ಲಿ ಗೀಸರು, ದೊಡ್ಡ ಫ್ರಿಜ್ಜು, ಪಂಪು ಎಲ್ಲ ಸೇರಿ 150 ಸುಟ್ಟಿದ್ದರು. ಅವರ ಪುಕ್ಕಟೆ ಪಾಲು 165. ಆಮೇಲೆ ಮಾಡಿನ ಮೇಲೆ ಸೋಲಾರ್ ಬಿಸಿನೀರಿನ ಯಂತ್ರ ಹಾಕಿಸಿ, ಹೊಸ ಫ್ರಿಜ್ಜು ತಂದು ಬಳಕೆಯನ್ನು 75ಕ್ಕೆ ಇಳಿಸಿಕೊಂಡರು. ಅದೇ 87 ಯೂನಿಟ್ಟಿನ ಅಡುಗೆ ಸೇರಿಸಿದರೂ 162. ಅವರ ಅಡುಗೆ ಪೂರಾ ಪುಕ್ಕಟೆ! ತಿಂಗಳಿಗೆ 570 ರೂಪಾಯಿ ಉಳಿತಾಯ, ಎಂಟು ತಿಂಗಳಿಗೆ ಒಲೆಯ ಹಣ ಕೈಗೆ.

ಆ ಅನುಕೂಲವಂತರ ಮೇಲೆ ನಮಗೆ ದ್ವೇಷವಿಲ್ಲ. ಅವರು ನಿಯಮ ಮುರಿದಿಲ್ಲ. ನಿಯಮವೇ ಹಾಗಿದೆ. ಅಂದು ಹೆಚ್ಚು ಸುಟ್ಟವನಿಗೆ ಇಂದು ಹೆಚ್ಚು ಪುಕ್ಕಟೆ, ಅಂದು ಕತ್ತಲಲ್ಲಿ ಕೂತು ಉಳಿಸಿದವನಿಗೆ ಇಂದೂ ಕತ್ತಲಿನಷ್ಟೇ ಪಾಲು. ಬಡವನ ಹಕ್ಕನ್ನು ಅವನ ಹಳೆಯ ಬಡತನದಿಂದಲೇ ಅಳೆದಿದ್ದಾರೆ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದದ್ದು ಏತಕ್ಕೆ? ಮೊದಲ ಜಗಳ ಗೇಣಿ ಅಳೆಯುವ ಕೊಳಗದ ಗಾತ್ರದ್ದು. ಒಡೆಯರ ಮನೆಯ ಕೊಳಗ ದೊಡ್ಡದು, ನ್ಯಾಯದ ಕೊಳಗ ಬೇಕು ಎಂದರು. ಅಂದಿನ ಒಡೆಯರು ತೆಗೆದುಕೊಳ್ಳುವಾಗ ದೊಡ್ಡ ಕೊಳಗ ಹಿಡಿದರು; ಇಂದಿನ ಸರಕಾರ ಕೊಡುವಾಗ ಉಳ್ಳವರಿಗೊಂದು, ಇಲ್ಲದವರಿಗೊಂದು ಕೊಳಗ ಹಿಡಿದಿದೆ. ಎಲ್ಲರಿಗೂ ಒಂದೇ ಕೊಳಗ ಇರಲಿ ಎಂಬ ಮಾತು ಅಂದು ಕ್ರಾಂತಿಯೆನಿಸಿತ್ತು, ಇಂದು ಮಂತ್ರಿಗಳ ಕಿವಿಗೆ ಬೀಳುವುದೇ ಇಲ್ಲ.

ಬೊಕ್ಕಸ ಬರಿದಾಗುತ್ತದೆ ಎನ್ನುತ್ತಾರೆ. ನಾವು ಎಲ್ಲರಿಗೂ ಎಲ್ಲವೂ ಪುಕ್ಕಟೆ ಎಂದು ಕೇಳುತ್ತಿಲ್ಲ. ಇರುವ ಪಾಲನ್ನೇ ಸರಿಯಾಗಿ ಹಂಚಿ ಎನ್ನುತ್ತೇವೆ. ಉಜ್ವಲಾ ಮನೆಗೆ ಸಿಲಿಂಡರಿನ ಮೇಲೆ ಕೊಡುವ 300 ರೂಪಾಯಿಯನ್ನು ಆ ಮನೆಯ ಹೆಂಗಸು ಬಯಸಿದರೆ ಅಡುಗೆಯ ಯೂನಿಟ್ಟಾಗಿ ಕೊಡಲಿ. ಕೇಂದ್ರದ್ದೊಂದು ಕೈ, ರಾಜ್ಯದ್ದೊಂದು ಕೈ. ಒಂದು ಗ್ಯಾಸಿಗೆ ಕೊಡುತ್ತದೆ, ಇನ್ನೊಂದು ದೀಪಕ್ಕೆ ಕೊಡುತ್ತದೆ, ನಡುವೆ ಒಲೆ ತಣ್ಣಗಿರುತ್ತದೆ.

ಇನ್ನು ಕೆಲವರು ಬೇರೆ ತಕರಾರು ತೆಗೆಯುತ್ತಾರೆ. ವಿದ್ಯುತ್ತೂ ರಾಯಚೂರಿನ ಕಲ್ಲಿದ್ದಲಿನಿಂದಲೇ ಬರುವುದಲ್ಲವೇ, ಮೂರು ಪಾಲು ಕಲ್ಲಿದ್ದಲಿನ ಶಾಖದಲ್ಲಿ ಒಂದೇ ಪಾಲು ಕರೆಂಟಾಗುತ್ತದಲ್ಲವೇ ಎಂದು. ನಿಜ. ಆದರೆ ರಾಜ್ಯದಲ್ಲಿ ನೀರು, ಬಿಸಿಲು, ಗಾಳಿಯ ವಿದ್ಯುತ್ತೂ ಸಾಕಷ್ಟಿದೆ. ಅನಿಲವೋ ಅರ್ಧಕ್ಕಿಂತ ಹೆಚ್ಚು ಕೊಲ್ಲಿ ದೇಶಗಳ ಕಡೆಯಿಂದ ಹಡಗಿನಲ್ಲಿ ಬರಬೇಕು. ಅಲ್ಲಿ ಗುಂಡು ಹಾರಿದರೆ ಇಲ್ಲಿ ಒಲೆ ಆರುವ ಸ್ಥಿತಿ ಯಾವ ಸ್ವತಂತ್ರ ದೇಶಕ್ಕೂ ಭೂಷಣವಲ್ಲ. ವಿದ್ಯುತ್ತಿನ ಅಡುಗೆ ಬರಬೇಕು ಎಂಬುದೇ ನಮ್ಮ ಮತ. ಯಾರ ಹೆಗಲ ಮೇಲೆ ಬರಬೇಕು ಎಂಬುದರಲ್ಲಿ ಜಗಳ.

ಹೆಗಲಿನ ಮಾತು ಬಂದಾಗ ಶರಾವತಿಯ ಮಾತು ತಾನಾಗಿ ಬರುತ್ತದೆ. 1948ರಲ್ಲಿ ಜೋಗದ ವಿದ್ಯುದಾಗಾರ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು. ನಾಡಿಗೆ ಬೆಳಕು ಬರಲೆಂದು ನಮ್ಮ ಜಿಲ್ಲೆಯ ಊರುಗಳು, ಗದ್ದೆಗಳು, ತೋಟಗಳು ನೀರಿನಡಿಗೆ ಹೋದವು. ಎದ್ದು ಬಂದವರಲ್ಲಿ ಬಹಳ ಮಂದಿ ಕಾಡಿನ ನಡುವೆ ಕೂತು ಇನ್ನೂ ಹಕ್ಕುಪತ್ರಕ್ಕೆ ಕಚೇರಿ ಸುತ್ತುತ್ತಿದ್ದಾರೆ. ಹಿನ್ನೀರಿನ ಆಚೆಯವರಿಗೆ ಸೇತುವೆ ಸಿಕ್ಕಿದ್ದೇ 2025ರ ಜುಲೈಯಲ್ಲಿ. ಆ ಕಡೆಯ ಮನೆಗಳಲ್ಲಿ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕರೆಂಟಿಲ್ಲ. ಇದ್ದ ದಿನವೂ ಸಂಜೆ ವೋಲ್ಟೇಜು ಇಳಿದು ಬಲ್ಬು ಕೆಂಡದ ಹುಳದಂತೆ ಮಿಣುಕುತ್ತದೆ. ವೋಲ್ಟೇಜು ಒಂದು ಮಿತಿಗಿಂತ ಇಳಿದರೆ ಇಂಡಕ್ಷನ್ ಒಲೆ ಕೂಗಿ ತಾನೇ ಆರಿಹೋಗುತ್ತದೆ. ವಿದ್ಯುತ್ತಿಗಾಗಿ ಊರು ಕೊಟ್ಟವರ ಮನೆಯಲ್ಲೇ ವಿದ್ಯುತ್ತಿನ ಒಲೆ ಉರಿಯದು. ಅಂಥ ಊರಿನವರು ಕೊಳ್ಳುವ ಮೊದಲು ಒಂದು ವಾರ ಸಂಜೆ ಏಳಕ್ಕೆ, ಬೆಳಿಗ್ಗೆ ಏಳಕ್ಕೆ ವೋಲ್ಟೇಜು ಎಷ್ಟಿದೆ ಎಂದು ಲೈನಿನ ಕೆಲಸ ಬಲ್ಲವರಿಂದ ಅಳೆಯಿಸಿ ಬರೆದಿಡಲಿ. ಮಳೆಗಾಲ ಕಳೆಯುವವರೆಗೆ ಗೋಬರ್ ಗ್ಯಾಸನ್ನೋ ಸಿಲಿಂಡರನ್ನೋ ಕೈಬಿಡುವುದು ಬೇಡ. ಒಲೆಯ ಅಂಗಡಿಯವರು ಏನೇ ಹೇಳಲಿ, ಮಲೆನಾಡಿನಲ್ಲಿ ಇಂಡಕ್ಷನ್ ಒಲೆ ಎರಡನೆಯ ಒಲೆಯಾಗಿಯೇ ಮನೆಗೆ ಬರಬೇಕು.

ಹಂಚುವ ಯೋಜನೆಗಳ ಚರಿತ್ರೆಯನ್ನೂ ಮರೆಯದಿರೋಣ. ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಒಳ್ಳೆಯ ಮನಸ್ಸಿನಿಂದ ಅಸ್ತ್ರ ಒಲೆಯನ್ನು ಮಾಡಿದರು, ಚೆನ್ನಾಗಿಯೇ ಉರಿಯುತ್ತಿತ್ತು. 1983ರಲ್ಲಿ ಕೇಂದ್ರ ಸರಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ತಂದು, 2002ರಲ್ಲಿ ಅದನ್ನು ಕೈಬಿಟ್ಟಿತು. ಎಷ್ಟು ಒಲೆ ಕಟ್ಟಿದೆವು ಎಂಬ ಲೆಕ್ಕ ಕಡತದಲ್ಲಿ ಬೆಳೆಯಿತು. ಕೊಳವೆ ಒಡೆದಾಗ ಕಟ್ಟಿಕೊಡುವವರಿಲ್ಲದೆ ಹಳ್ಳಿಗಳಲ್ಲಿ ಒಲೆಗಳು ಸತ್ತವು, ಹೆಂಗಸರು ಮೂರು ಕಲ್ಲಿಗೆ ಮರಳಿದರು. 20 ಲಕ್ಷ ಗಾಜಿನ ಒಲೆಗಳಿಗೂ ಅದೇ ಗತಿ ಬಾರದಿರಬೇಕಾದರೆ ಒಲೆಯ ಜತೆಗೆ ರಿಪೇರಿಯವನೂ ಬರಬೇಕು. ತಾಲ್ಲೂಕಿಗೆ ನಾಲ್ಕು ಜನ ಐಟಿಐ ಓದಿದ ಹುಡುಗ ಹುಡುಗಿಯರಿಗೆ ಈ ಕೆಲಸ ಕಲಿಸುವುದು ಯಾವ ಸರಕಾರಕ್ಕೆ ಭಾರ?

ನಮ್ಮ ಬೇಡಿಕೆಗಳು ಸರಳ. ಅಡುಗೆಗೆ ವಿದ್ಯುತ್ತು ಬಳಸುವ ಬಡ ಮನೆಗೆ 2022-23ರ ಸರಾಸರಿಯ ಹಂಗು ತೆಗೆದು ಸಂಸಾರದ ತಲೆಯೆಣಿಕೆಯ ಮೇಲೆ ಯೂನಿಟ್ಟು ಗೊತ್ತುಮಾಡಬೇಕು. ಸರಕಾರ ಕಟ್ಟಿಕೊಡುವ ಪ್ರತಿ ಮನೆಯ ಅಡುಗೆ ಕೋಣೆಗೆ 16 ಆಂಪಿಯರ್ ಪ್ಲಗ್ಗು, ಅರ್ತಿಂಗ್ ಕಡ್ಡಾಯವಾಗಬೇಕು. ಹಳೆಯ ಮನೆಗಳ ತಂತಿಯನ್ನು ಸರಕಾರವೇ ಬದಲಿಸಬೇಕು. ಒಲೆಗಾಗಿ ಮಂಜೂರಾದ ಲೋಡು ಏರಿಸಿಕೊಂಡರೆ ಕಿಲೋವಾಟಿಗೆ ಇಷ್ಟೆಂದು ನಿಗದಿತ ಶುಲ್ಕವೂ ಏರುತ್ತದೆ, ಅದನ್ನು ಬಡವರ ಮೇಲೆ ಹೇರಬಾರದು.

ಕೊನೆಗೆ ನಮ್ಮ ಗಂಡಸು ಓದುಗರಿಗೆ ಒಂದು ಮಾತು. ಒಲೆ ಕೊಳ್ಳಲು ನೀವೊಬ್ಬರೇ ಪೇಟೆಗೆ ಹೋಗಿ ಹಬ್ಬದ ಉಡುಗೊರೆಯೆಂದು ಹೊತ್ತು ತರಬೇಡಿ. ಯಾರು ಅದರ ಮುಂದೆ ನಿಲ್ಲುತ್ತಾರೋ ಅವರು ಬಂದು, ತಮ್ಮ ಪಾತ್ರೆಯನ್ನೇ ತಂದು, ಅಂಗಡಿಯಲ್ಲೇ ಹಾಲು ಕಾಯಿಸಿ ನೋಡಿ, ಬೇಕು ಬೇಡ ಹೇಳಲಿ. ಇಂಡಕ್ಷನ್ ಒಲೆಯಲ್ಲಿ ಗಂಡಸರೂ ಅನ್ನ ಮಾಡಬಹುದು ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ; ಗುಂಡಿಗಳ ಮೇಲೆ ಹೆಂಗಸರ ಹೆಸರೇನೂ ಬರೆದಿಲ್ಲ.

ಪಕ್ಷದ ಕಚೇರಿಯಲ್ಲಿ ಸಂತೆಯ ದಿನ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕರೆಂಟು ಬಿಲ್ಲುಗಳನ್ನು ಸಂಗ್ರಹಿಸುತ್ತಿದ್ದೇವೆ. ಇತ್ತೀಚಿನ ಮೂರು ತಿಂಗಳ ಬಿಲ್ಲು, ಮನೆಯಲ್ಲಿ ಉಣ್ಣುವವರ ಸಂಖ್ಯೆ, ಸಿಲಿಂಡರು ಎಷ್ಟು ದಿನ ಬರುತ್ತದೆ ಎಂಬ ಲೆಕ್ಕ ತನ್ನಿ. ಆರ್.ಆರ್. ನಂಬರು ಅಳಿಸಿಹೋಗಿದ್ದರೆ ಹಳೆಯ ಬಿಲ್ಲಾದರೂ ಆದೀತು. ಬಿಲ್ಲು ಓದಲು ಬಾರದವರಿಗೆ ಅವರ ಪುಕ್ಕಟೆ ಪಾಲು ಎಷ್ಟು, ಮಂಜೂರಾದ ಲೋಡು ಎಷ್ಟು ಎಂದು ಅಲ್ಲೇ ಓದಿ ಹೇಳಿ, ಬಿಲ್ಲಿನ ಹಿಂದೆ ಬರೆದುಕೊಡುತ್ತೇವೆ. ಒಂದು ಅಯಸ್ಕಾಂತವನ್ನೂ ಮೇಜಿನ ಮೇಲೆ ಇಟ್ಟಿರುತ್ತೇವೆ. ಚೀಲದಲ್ಲಿ ಪಾತ್ರೆ ಹಾಕಿಕೊಂಡು ಬಂದರೆ ನೋಡಿಕೊಂಡು ಹೋಗಬಹುದು.